ಐದು ಪ್ರಶ್ನೆಗಳ ಗಣಿತ ಮತ್ತು ಸನ್ಮಾನದ ಶಾಲು

ಪರೀಕ್ಷೆಗಳ ಫಲಿತಾಂಶ ಬಂದು ಜೂನ್ ತಿಂಗಳು ಕಾಲಿಟ್ಟಿತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಿದ್ಧತೆ ಶುರುವಾಗುತ್ತದೆ. ಹತ್ತನೇ ತರಗತಿ, ಹನ್ನೆರಡನೇ ತರಗತಿಯ ಅಂಕಪಟ್ಟಿಗಳ ನಕಲು ಪ್ರತಿ ತರಿಸಿಕೊಳ್ಳುವುದು, ದಾನಿಗಳನ್ನು ಗೊತ್ತು ಮಾಡುವುದು, ಸ್ಮರಣಿಕೆಗಳಿಗೆ ಆರ್ಡರ್ ಕೊಡುವುದು, ಮುಖ್ಯ ಅತಿಥಿಗಳ ಒಪ್ಪಿಗೆ ಪಡೆಯುವುದು - ಎಲ್ಲವೂ ಶಿಸ್ತಿನಿಂದ ನಡೆಯುತ್ತವೆ. ಮುಂಬಯಿ, ಪುಣೆ, ಸೊಲ್ಲಾಪುರಗಳಂತೆ ನಾಗಪುರದ ಕನ್ನಡಿಗರೂ ಇದನ್ನು ಅಭಿಮಾನದಿಂದ ಮಾಡುವವರೇ. ಮಕ್ಕಳ ಬೆನ್ನು ತಟ್ಟುವ ಈ ಪದ್ಧತಿ ಶ್ಲಾಘನೀಯ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ವೇದಿಕೆಯ ಮೇಲೆ ಓದಲಾಗುವ ಹೆಸರುಗಳ ಪಟ್ಟಿಯನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ಹೊಳೆಯುತ್ತದೆ. ವೈದ್ಯಕೀಯಕ್ಕೆ ಸೀಟು ಪಡೆದವರಿದ್ದಾರೆ, ಐಐಟಿಗೆ ಆಯ್ಕೆಯಾದವರಿದ್ದಾರೆ, ಸಿ.ಎ. ಪಾಸಾದವರಿದ್ದಾರೆ, ವಿದೇಶಿ ಕಂಪನಿಗೆ ಸೇರಿದವರಿದ್ದಾರೆ. ಗಣಿತದಲ್ಲಿ ನೂರಕ್ಕೆ ನೂರು ಪಡೆದವರೂ ಇದ್ದಾರೆ. ಆ ಗಣಿತವನ್ನೇ ಮುಂದೆ ಓದುತ್ತಿರುವವರು ಮಾತ್ರ ಅಪರೂಪ. ಗಣಿತ ಸಂಶೋಧನೆಗಾಗಿ ಶಾಲು ಹೊದ್ದವರು ಇನ್ನೂ ಅಪರೂಪ. ಹುಡುಗಿಯೊಬ್ಬಳು ಬಿ.ಎಸ್ಸಿ. ಗಣಿತ ತೆಗೆದುಕೊಂಡಳೆಂದರೆ "ಯಾಕೆ, ಎಂಜಿನಿಯರಿಂಗ್ ಸಿಗಲಿಲ್ಲವೇ?" ಎಂಬ ಪ್ರಶ್ನೆ ಸಭಾಗೃಹದ ಹೊರಗಿನ ಚಹಾದ ಮೇಜಿನ ಬಳಿ ಇಂದಿಗೂ ಕೇಳಿಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಆ ಒಂದು ಪ್ರಶ್ನೆ ಒಂದು ಮನೆಯ ನಿರ್ಧಾರವನ್ನೇ ಬದಲಿಸಬಲ್ಲುದು.

ನಾಗಪುರದ ನಂಟು

ಈ ಮಾತನ್ನು ನಾಗಪುರದ ಕನ್ನಡಿಗರು ಯೋಚಿಸಬೇಕಾದ ವಿಶೇಷ ಕಾರಣಗಳಿವೆ. ನಗರದ ಪ್ರತಿಷ್ಠಿತ ತಾಂತ್ರಿಕ ಸಂಸ್ಥೆ ಹೊತ್ತಿರುವುದು ಕನ್ನಡನಾಡಿನ ಮಗನ ಹೆಸರನ್ನು. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿ, 2002ರಲ್ಲಿ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆದ ಈ ವಿದ್ಯಾಲಯದ ಮುಂದೆ ಹಾದು ಹೋಗುವಾಗ ಹೆಮ್ಮೆಪಡದ ಕನ್ನಡಿಗನಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1923ರಲ್ಲಿ ಲಖನೌದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನ ಅಧ್ಯಕ್ಷರಾಗಿದ್ದರು. ಅದೇ 1923ರಲ್ಲಿ ಸ್ಥಾಪನೆಯಾದ ನಾಗಪುರ ವಿಶ್ವವಿದ್ಯಾಲಯದ ಶತಮಾನದ ಸಂದರ್ಭದಲ್ಲಿ, 2023ರ ಜನವರಿಯಲ್ಲಿ, 108ನೇ ವಿಜ್ಞಾನ ಕಾಂಗ್ರೆಸ್ ನಾಗಪುರದಲ್ಲೇ ನಡೆಯಿತು.

ಇನ್ನೂ ಹಿಂದಕ್ಕೆ ಹೋದರೆ ನಂಟು ಮತ್ತಷ್ಟು ಗಟ್ಟಿಯಾಗುತ್ತದೆ. ನಾಗಪುರದ ಹೆಸರು ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಒಂದು ವರ್ಧಾ ಬಳಿಯ ದೇವಳಿಯಲ್ಲಿ ದೊರೆತ ತಾಮ್ರಶಾಸನ. ಕ್ರಿ.ಶ. 940ರ ಹೊತ್ತಿನ ಆ ಶಾಸನ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನದು. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ವಂಶದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದ. ಋಣಸಂಖ್ಯೆ ತನ್ನ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ಅಭಿಪ್ರಾಯವನ್ನು ಆತ ಅದರಲ್ಲಿ ದಾಖಲಿಸಿದ್ದಾನೆ. ಯಾವುದೇ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಉತ್ತರ ಋಣವಾಗುವುದಿಲ್ಲ. ಹಾಗಾದರೆ ಋಣಸಂಖ್ಯೆಯ ಮೂಲ ಎಲ್ಲಿಂದ ಬರಬೇಕು? ಪ್ರಶ್ನೆಯನ್ನು ಅಷ್ಟು ಸ್ಪಷ್ಟವಾಗಿ ಎತ್ತಿ, ಬಾಗಿಲು ಮುಚ್ಚಿದ್ದು ಕನ್ನಡನಾಡಿನ ದೊರೆಯ ಆಶ್ರಯದಲ್ಲಿ.

ಮುಚ್ಚಿದ ಬಾಗಿಲು ತೆರೆದಾಗ

ಆ ಬಾಗಿಲನ್ನು ತಟ್ಟಿದವರು ಏಳುನೂರು ವರ್ಷಗಳ ನಂತರದ ಇಟಲಿಯವರು. 1545ರಲ್ಲಿ ಕಾರ್ಡಾನೊ, 1572ರಲ್ಲಿ ಬೊಂಬೆಲ್ಲಿ - ಇವರು ಇಲ್ಲದ ವರ್ಗಮೂಲವನ್ನು ಇದೆಯೆಂದು ಭಾವಿಸಿ ಲೆಕ್ಕ ಮಾಡಿ ನೋಡಿದರು. ಲೆಕ್ಕ ಸರಿಹೋಯಿತು. ಹೀಗೆ ಹುಟ್ಟಿದ್ದು ಸಂಕೀರ್ಣ ಸಂಖ್ಯೆಗಳ ಕುಟುಂಬ. ಸಾಮಾನ್ಯ ಸಂಖ್ಯೆಗಳು ಒಂದು ಗೆರೆಯ ಮೇಲೆ ಸಾಲಾಗಿ ನಿಂತರೆ, ಇವು ಒಂದು ಅಂಗಳವನ್ನೇ ತುಂಬುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಶಿ, ರೀಮಾನ್, ವೈಯರ್‌ಸ್ಟ್ರಾಸ್ ಎಂಬ ಮಹನೀಯರು ಈ ಅಂಗಳದ ಮೇಲಿನ ಫಲನಗಳ ಶಾಸ್ತ್ರವನ್ನು ಕಟ್ಟಿದರು. ಅದೇ ಸಂಕೀರ್ಣ ವಿಶ್ಲೇಷಣೆ.

"ಇದರಿಂದ ಉಪಯೋಗವೇನು?" ಎಂದು ಕೇಳುವವರಿಗೆ ನಾಗಪುರದಲ್ಲೇ ಉತ್ತರವಿದೆ. ನಗರದ ಪಕ್ಕದ ಕೊರಾಡಿ, ಖಾಪರಖೇಡಾ ಸ್ಥಾವರಗಳಿಂದ ಹರಿಯುವ ಪರ್ಯಾಯ ವಿದ್ಯುತ್ತಿನ ಲೆಕ್ಕ ನಡೆಯುವುದು ಸಂಕೀರ್ಣ ಸಂಖ್ಯೆಗಳ ಮೇಲೆಯೇ. ಚಾರ್ಲ್ಸ್ ಸ್ಟೈನ್‌ಮೆಟ್ಜ್ ಎಂಬ ಎಂಜಿನಿಯರ್ ಈ ವಿಧಾನವನ್ನು 1893ರಲ್ಲಿ ಮುಂದಿಟ್ಟರು. ಬೊಂಬೆಲ್ಲಿಯ ಕಾಲದಿಂದ ಲೆಕ್ಕ ಹಾಕಿದರೆ ಮುನ್ನೂರು ವರ್ಷಗಳ ಮೇಲೆ! ಉಪಯೋಗ ಸಿಗುವ ಮೊದಲೇ ವಿದ್ಯೆಯನ್ನು ಸಾಕಿ ಬೆಳೆಸುವವರು ಇದ್ದುದರಿಂದಲೇ ಇಂದು ಮನೆಮನೆಯಲ್ಲಿ ದೀಪ ಉರಿಯುತ್ತಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಧಾರವಾಡದ ಪರಂಪರೆ

ಈ ವಿದ್ಯೆಯನ್ನು ಕನ್ನಡ ನೆಲದಲ್ಲಿ ಸಾಕಿದ ಒಂದು ಮನೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಮಹಾರಾಷ್ಟ್ರದ ಕನ್ನಡಿಗರು ಮರೆಯಬಾರದ ಒಂದು ಸಂಗತಿಯೆಂದರೆ, ಈ ವಿಶ್ವವಿದ್ಯಾಲಯ 1949ರಲ್ಲಿ ಆರಂಭವಾದದ್ದು ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. 1954ರಿಂದ 1967ರವರೆಗೆ ಅದರ ಕುಲಪತಿಯಾಗಿದ್ದ ಡಾ. ಡಿ.ಸಿ. ಪಾವಟೆಯವರು ಸ್ವತಃ ಗಣಿತದವರು. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಆಗಿ ಬಂದವರು. ಮುಂದೆ ಪಂಜಾಬಿನ ರಾಜ್ಯಪಾಲರೂ ಆದರು. ಒಬ್ಬ ಹಳ್ಳಿಯ ಹುಡುಗ ಗಣಿತ ಓದಿ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಇಲ್ಲಿ ಮುಖ್ಯವಾದದ್ದು ರಾಜ್ಯಪಾಲರ ಪದವಿಯಲ್ಲ, ಗಣಿತ ವಿಭಾಗದಲ್ಲಿ ಸದ್ದಿಲ್ಲದೆ ನಡೆದ ಕೆಲಸ. ಫಿನ್ಲೆಂಡಿನ ರಾಲ್ಫ್ ನೆವನ್ಲಿನ್ನಾ 1925ರಲ್ಲಿ ಮೆರೋಮಾರ್ಫಿಕ್ ಫಲನಗಳ ಬಗ್ಗೆ ಹೊಸ ಸಿದ್ಧಾಂತವೊಂದನ್ನು ಮಂಡಿಸಿದರು. ಒಂದು ಫಲನ ಯಾವ ಯಾವ ಬೆಲೆಗಳನ್ನು ಎಷ್ಟೆಷ್ಟು ಬಾರಿ ಪಡೆಯುತ್ತದೆ ಎಂಬುದನ್ನು ಅಳೆಯುವ ಶಾಸ್ತ್ರ ಅದು. ಭಾರತದಲ್ಲಿ ಈ ಕ್ಷೇತ್ರದ ಹಿರಿಯರು ಅಲಿಘಡದ ಎಸ್.ಎಂ. ಶಾ. ಅವರ ಜತೆಯಲ್ಲಿ 1950ರ ದಶಕದಲ್ಲಿ ಪ್ರಬಂಧ ಬರೆದವರು ಎಸ್.ಕೆ. ಸಿಂಗ್. ಸಿಂಗ್ ಅವರ ಮೂಲಕ ಈ ವಿದ್ಯೆ ಧಾರವಾಡಕ್ಕೆ ಬಂತು. ಅವರೂ ಎಚ್.ಎಸ್. ಗೋಪಾಲಕೃಷ್ಣ ಅವರೂ ಸೇರಿ ಬರೆದ ದೀರ್ಘ ಪ್ರಬಂಧ 1971ರಲ್ಲಿ ಜರ್ಮನಿಯ ಪ್ರಸಿದ್ಧ ಪತ್ರಿಕೆ 'ಮ್ಯಾಥಮಾಟಿಷೆ ಅನ್ನಾಲೆನ್'ನಲ್ಲಿ ಪ್ರಕಟವಾಯಿತು. ಮುಂದೆ ಗೋಪಾಲಕೃಷ್ಣ ಮತ್ತು ಸುಭಾಸ ಭೂಸನೂರಮಠ ಅವರು ಬರೆದ ಪ್ರಬಂಧವನ್ನು 1976ರಲ್ಲಿ 'ಮ್ಯಾಥಮ್ಯಾಟಿಕಾ ಸ್ಕ್ಯಾಂಡಿನೇವಿಕಾ' ಪ್ರಕಟಿಸಿತು. ಇದು ಕೇವಲ ಆರು ಪುಟಗಳ ಬರಹ. ಆ ಆರು ಪುಟಗಳಲ್ಲಿ ಏನಿದೆ ಎಂಬುದನ್ನು ತಿಳಿಯಲು ಗಣಿತದ ಪದವಿ ಬೇಕಾಗಿಲ್ಲ. ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಭೇಟಿಯಾಗುವುದನ್ನು ನೋಡಿದ್ದರೆ ಸಾಕು.

ಯಾವೂರ್ರೀ ನಿಮ್ಮದು?

ನಾಗಪುರದ ಗಣೇಶೋತ್ಸವದಲ್ಲೋ ಮದುವೆಯ ಮನೆಯಲ್ಲೋ ಇಬ್ಬರು ಹಿರಿಯರು ಎದುರಾದರೆ ಮಾತು ಶುರುವಾಗುವುದು ಹೀಗೆ: "ಯಾವೂರ್ರೀ ನಿಮ್ಮದು?" "ಧಾರವಾಡ್ರೀ." "ಧಾರವಾಡದಾಗ ಎಲ್ಲಿ?" "ಮಾಳಮಡ್ಡಿ." "ಯಾವ ಸಾಲೀ ಕಲ್ತಿದ್ದು?" ಹೀಗೆ ನಾಲ್ಕೈದು ಪ್ರಶ್ನೆಗಳಾಗುವಷ್ಟರಲ್ಲಿ ಇಬ್ಬರಿಗೂ ಒಬ್ಬರೇ ಸೋದರಮಾವ ಎಂದು ಗೊತ್ತಾಗಿಬಿಡುತ್ತದೆ. ಗುರುತು ಹಿಡಿಯಲು ಎಷ್ಟು ಪ್ರಶ್ನೆ ಸಾಕು ಎಂಬುದು ಜನಜೀವನದ ಪ್ರಶ್ನೆಯೂ ಹೌದು, ಗಣಿತದ ಪ್ರಶ್ನೆಯೂ ಹೌದು.

ನೆವನ್ಲಿನ್ನಾ ಫಲನಗಳ ಬಗ್ಗೆ ಕೊಟ್ಟ ಉತ್ತರ 'ಐದು'. ಎರಡು ಮೆರೋಮಾರ್ಫಿಕ್ ಫಲನಗಳು ಐದು ಬೇರೆ ಬೇರೆ ಬೆಲೆಗಳನ್ನು ಅವವೇ ಜಾಗಗಳಲ್ಲಿ ಪಡೆಯುವುದಾದರೆ, ಅವು ಎರಡಲ್ಲ, ಒಂದೇ. ನಾಲ್ಕು ಸಾಲದು. ನಾಲ್ಕು ಪ್ರಶ್ನೆಗಳಿಗೆ ಒಂದೇ ಉತ್ತರ ಕೊಟ್ಟೂ ಬೇರೆ ಬೇರೆಯಾಗಿಯೇ ಉಳಿಯುವ ಜೋಡಿಗಳಿವೆ. ಒಂದೇ ಊರು, ಒಂದೇ ಓಣಿ, ಒಂದೇ ಶಾಲೆ, ಒಂದೇ ಅಡ್ಡಹೆಸರು ಇದ್ದೂ ಸಂಬಂಧಿಕರಲ್ಲದವರು ಇರುವುದಿಲ್ಲವೇ, ಹಾಗೆ.

ಗೋಪಾಲಕೃಷ್ಣ - ಭೂಸನೂರಮಠ ಅವರು ಕೇಳಿದ್ದು ಇದರ ಮುಂದಿನ ಪ್ರಶ್ನೆ. ಫಲನವೊಂದು ಒಂದು ಬೆಲೆಯನ್ನು ಒಂದು ಜಾಗದಲ್ಲಿ ಒಂಟಿಯಾಗಿ ಪಡೆಯಬಹುದು, ಇಮ್ಮಡಿಯಾಗಿ ಪಡೆಯಬಹುದು, ಮುಮ್ಮಡಿ ಅಥವಾ ಅದಕ್ಕೂ ಹೆಚ್ಚು ಮಡಿಯಾಗಿಯೂ ಪಡೆಯಬಹುದು. ಈ ಎಲ್ಲ ಜಾಗಗಳನ್ನೂ ತಾಳೆ ನೋಡಲೇಬೇಕೆ? ಕೆಲವನ್ನಷ್ಟೇ ನೋಡಿ ಗುರುತು ಹಿಡಿಯಲಾಗದೆ? ಅವರು ಕಂಡುಕೊಂಡ ನಿಯಮದಿಂದ ಹೊರಡುವ ಉತ್ತರ ಅಚ್ಚುಕಟ್ಟಾಗಿದೆ. ಮೂರು ಮಡಿಯವರೆಗಿನ ಜಾಗಗಳನ್ನು ನೋಡಿದರೆ ಐದೇ ಬೆಲೆ ಸಾಕು. ಎರಡು ಮಡಿಯವರೆಗೆ ಮಾತ್ರ ನೋಡುವುದಾದರೆ ಆರು ಬೇಕು. ಒಂಟಿ ಜಾಗಗಳನ್ನಷ್ಟೇ ನೋಡುವುದಾದರೆ ಏಳು ಬೇಕು. ಸಾಕ್ಷ್ಯದ ವಿವರ ಕಡಿಮೆಯಾದಂತೆ ಸಾಕ್ಷಿಗಳ ಸಂಖ್ಯೆ ಹೆಚ್ಚಬೇಕು ಎಂಬ ಲೋಕದ ನ್ಯಾಯವೇ ಇಲ್ಲಿಯೂ ಕಾಣುತ್ತದೆ. ಎಷ್ಟು ಹೆಚ್ಚಬೇಕು ಎಂದು ಖಚಿತವಾಗಿ ಹೇಳಬಲ್ಲುದು ಗಣಿತ ಮಾತ್ರ.

ಈ ಆರು ಪುಟಗಳನ್ನು ಉಲ್ಲೇಖಿಸಿ ಮುಂದೆ ಕೆಲಸ ಮಾಡಿದವರು ಬಂಗಾಳದಲ್ಲಿದ್ದಾರೆ, ಚೀನಾದಲ್ಲಿದ್ದಾರೆ. ಧಾರವಾಡದಲ್ಲೂ ಕೆಲಸ ನಿಲ್ಲಲಿಲ್ಲ. ಮೂವತ್ತೊಂದು ವರ್ಷಗಳ ಮೇಲೆ, 2007ರಲ್ಲಿ, ಭೂಸನೂರಮಠ ಅವರು ರೇಣುಕಾದೇವಿ ದ್ಯಾವನಾಳ ಅವರೊಂದಿಗೆ ಬೆಲೆಗಳನ್ನು ಹಂಚಿಕೊಳ್ಳುವ ಫಲನಗಳ ಬಗೆಗೇ ಮತ್ತೊಂದು ಪ್ರಬಂಧ ಪ್ರಕಟಿಸಿದರು. ಅಲಿಘಡದಿಂದ ಧಾರವಾಡಕ್ಕೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಅರ್ಧ ಶತಮಾನ ಒಂದೇ ಪ್ರಶ್ನೆಯನ್ನು ಆರದಂತೆ ಕಾಪಾಡಿಕೊಂಡು ಬಂದ ಕಥೆ ಇದು. ಸಂಶೋಧನಾ ಜೀವನವೆಂದರೆ ಇದೇ. ಪತ್ರಿಕೆಗಳ ಮುಖಪುಟದಲ್ಲಿ ಬರುವ ಪವಾಡಬಾಲಕರ ಕಥೆಯಲ್ಲ. ತರಗತಿಯಲ್ಲಿ ಪಾಠ ಮಾಡಿ, ಉತ್ತರಪತ್ರಿಕೆ ತಿದ್ದಿ, ವಿಭಾಗದ ಕಡತಗಳನ್ನು ನೋಡಿ, ಉಳಿದ ಸಮಯದಲ್ಲಿ ಕಾಗದದ ಮುಂದೆ ಕುಳಿತುಕೊಳ್ಳುವವರ ಕಥೆ. ಇಂಟರ್ನೆಟ್ ಇಲ್ಲದ ಕಾಲದಲ್ಲಿ ವಿದೇಶಿ ಪತ್ರಿಕೆಗಳಿಗಾಗಿ ಅಂಚೆಯ ದಾರಿ ಕಾಯಬೇಕಿತ್ತು ಎಂಬುದನ್ನೂ ನೆನಪಿಡಬೇಕು.

ಬೆಂಗಳೂರಿನ ಸಾಧನೆ

ಸಂಕೀರ್ಣ ವಿಶ್ಲೇಷಣೆಯ ಸೋದರ ಸಂಬಂಧಿ ಆಪರೇಟರ್ ಸಿದ್ಧಾಂತ. ಫಲನ ಒಂದು ಸಂಖ್ಯೆಯನ್ನು ತೆಗೆದುಕೊಂಡು ಇನ್ನೊಂದು ಸಂಖ್ಯೆ ಕೊಡುತ್ತದೆ. ಆಪರೇಟರ್ ಒಂದು ಇಡೀ ಫಲನವನ್ನೇ ತೆಗೆದುಕೊಂಡು ಇನ್ನೊಂದು ಫಲನ ಕೊಡುತ್ತದೆ. ಅಣುಗಳ ಲೋಕವನ್ನು ವಿವರಿಸುವ ಕ್ವಾಂಟಂ ಭೌತವಿಜ್ಞಾನ ಆಡುವುದು ಈ ಆಪರೇಟರ್‌ಗಳ ಭಾಷೆಯನ್ನೇ. ಎರಡು ಶಾಖೆಗಳ ನಡುವೆ ಬೀಗತನ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವೀಡನ್ನಿನ ಬ್ಯೂರ್ಲಿಂಗ್ 1949ರಲ್ಲಿ ಆಪರೇಟರ್ ಸಿದ್ಧಾಂತದ ಒಂದು ಮೂಲಭೂತ ಪ್ರಶ್ನೆಗೆ ಸಂಕೀರ್ಣ ಫಲನಗಳ ಮೂಲಕವೇ ಉತ್ತರ ಕೊಟ್ಟರು. 1978ರಲ್ಲಿ ಕೊವೆನ್ ಮತ್ತು ಡಗ್ಲಾಸ್ ಎಂಬ ಗಣಿತಜ್ಞರು ಇನ್ನೊಂದು ದಾರಿ ತೆರೆದರು. ಡಗ್ಲಾಸ್ ಅವರ ಶಿಷ್ಯ, ಒಡಿಶಾ ಮೂಲದ ಗದಾಧರ ಮಿಶ್ರ, ಬೆಂಗಳೂರಿನಲ್ಲಿ ನೆಲೆಸಿ ಆ ದಾರಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. 2001ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂತು.

ಅದೇ ಪ್ರಶಸ್ತಿ 2007ರಲ್ಲಿ ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಿ.ವಿ. ರಾಜಾರಾಮ ಭಟ್ ಅವರಿಗೆ ಸಂದಿತು. ಅವರ ಗುರು, 2023ರಲ್ಲಿ ನಿಧನರಾದ ಕೆ.ಆರ್. ಪಾರ್ಥಸಾರಥಿ, ಕ್ವಾಂಟಂ ಸಂಭವನೀಯತೆಯ ಮೂಲಪುರುಷರಲ್ಲಿ ಒಬ್ಬರು. ಭಟ್ ಅವರ ಕೆಲಸದ ತಿರುಳನ್ನು ತೊಗಲುಗೊಂಬೆಯಾಟದಿಂದ ಅರ್ಥ ಮಾಡಿಕೊಳ್ಳಬಹುದು. ಪರದೆಯ ಮೇಲೆ ಕಾಣುವುದು ನೆರಳು. ಗೊಂಬೆ ತಿರುಗಿದಾಗ ನೆರಳು ಕಿರಿದಾಗುತ್ತದೆ, ಕೈಯೊಂದು ಮಾಯವಾಗುತ್ತದೆ. ನೆರಳನ್ನಷ್ಟೇ ನೋಡುವವನಿಗೆ ಏನೋ ಕಳೆದುಹೋಯಿತು ಎನಿಸುತ್ತದೆ. ಪರದೆಯ ಹಿಂದೆ ಹೋದವನಿಗೆ ಗೊಂಬೆ ಪೂರ್ತಿಯಾಗಿಯೇ ಇದೆ ಎಂದು ತಿಳಿಯುತ್ತದೆ. ಹೀಗೆ ಕುಗ್ಗುವ ಆಪರೇಟರ್‌ನ ಹಿಂದೆ ಏನನ್ನೂ ಕಳೆದುಕೊಳ್ಳದ ದೊಡ್ಡ ಆಪರೇಟರ್ ಇದ್ದೇ ಇರುತ್ತದೆ ಎಂದು ಹಂಗೇರಿಯ ನಾಜ್ 1953ರಲ್ಲಿ ತೋರಿಸಿದ್ದರು. ಸುತ್ತಲಿನ ಪರಿಸರದೊಡನೆ ಬೆರೆತು ಮಾಹಿತಿ ಕಳೆದುಕೊಳ್ಳುತ್ತ ಸಾಗುವ ಕ್ವಾಂಟಂ ವ್ಯವಸ್ಥೆಗಳಿಗೂ ಇಂಥದೊಂದು 'ಪರದೆಯ ಹಿಂದಿನ' ಪೂರ್ಣ ರೂಪವಿದೆ, ಅದರ ಅತಿ ಚಿಕ್ಕ ರೂಪ ಒಂದೇ ಒಂದು ಎಂಬುದು 1990ರ ದಶಕದಲ್ಲಿ ಭಟ್ ಅವರು ಸಾಧಿಸಿದ್ದು. ಅಮೆರಿಕದ ಖ್ಯಾತ ಗಣಿತಜ್ಞ ವಿಲಿಯಂ ಆರ್ವೆಸನ್ ಸಹ ಈ ಫಲಿತಾಂಶವನ್ನು ಕೈಗೆತ್ತಿಕೊಂಡು ಬೆಳೆಸಿದ್ದಾರೆ.

ಧಾರವಾಡ, ಬೆಂಗಳೂರುಗಳ ಈ ಹೆಸರುಗಳಲ್ಲಿ ಎಷ್ಟು ಹೆಸರು ಕನ್ನಡ ಮನೆಗಳಲ್ಲಿ ಪರಿಚಿತ? ಕ್ರಿಕೆಟಿಗರ, ಸಿನಿಮಾ ನಟರ, ಸಾಹಿತಿಗಳ ಹೆಸರು ಮಕ್ಕಳ ನಾಲಗೆಯ ತುದಿಯಲ್ಲಿವೆ. ಅದು ತಪ್ಪಲ್ಲ. ಆದರೆ ಜಗತ್ತಿನ ಗಣಿತದ ಪುಸ್ತಕಗಳಲ್ಲಿ ಅಚ್ಚಾದ ಹೆಸರುಗಳು ಸ್ವಂತ ಭಾಷಿಕರಿಗೇ ಗೊತ್ತಿಲ್ಲದಿರುವುದು ವಿಷಾದದ ಸಂಗತಿ. ಹೆಸರು ಗೊತ್ತಿಲ್ಲದ ದಾರಿಯಲ್ಲಿ ಮಗುವನ್ನು ಕಳುಹಿಸಲು ಯಾವ ತಾಯಿತಂದೆ ಧೈರ್ಯ ಮಾಡುತ್ತಾರೆ?

ಹೆತ್ತವರ ಚಿಂತೆ ಸುಳ್ಳಲ್ಲ

ಇಲ್ಲಿ ಹೆತ್ತವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ನಾಗಪುರಕ್ಕೆ ಬಂದ ಬಹುತೇಕ ಕನ್ನಡ ಕುಟುಂಬಗಳು ರೈಲ್ವೆ, ಬ್ಯಾಂಕು, ಕೇಂದ್ರ ಸರಕಾರದ ಕಚೇರಿ, ಹೋಟೆಲು ಹೀಗೆ ದುಡಿಮೆಯನ್ನೇ ನಂಬಿ ಬಂದವು. ಊರಿನ ಹೊಲಮನೆಯ ಆಸರೆ ದೂರ. ಮಗ ಅಥವಾ ಮಗಳು ಇಪ್ಪತ್ತೆರಡರ ವಯಸ್ಸಿಗೆ ಸಂಬಳ ತರುವುದು ಅನೇಕ ಮನೆಗಳಿಗೆ ಅಗತ್ಯವೇ ಹೊರತು ದುರಾಸೆಯಲ್ಲ. ಗಣಿತದಲ್ಲಿ ಪಿಎಚ್.ಡಿ. ಮುಗಿಯುವಾಗ ವಯಸ್ಸು ಇಪ್ಪತ್ತೆಂಟು ದಾಟಿರುತ್ತದೆ. ಆಮೇಲೂ ಕಾಯಂ ಹುದ್ದೆ ಖಾತ್ರಿಯಿಲ್ಲ. ಕರ್ನಾಟಕವಿರಲಿ ಮಹಾರಾಷ್ಟ್ರವಿರಲಿ, ವಿಶ್ವವಿದ್ಯಾಲಯಗಳಲ್ಲಿ ಬೋಧಕ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುವುದು, ಅತಿಥಿ ಉಪನ್ಯಾಸಕರ ಮೇಲೆ ವಿಭಾಗಗಳು ನಡೆಯುತ್ತಿರುವುದು ಗುಟ್ಟಿನ ಮಾತೇನಲ್ಲ. ಧಾರವಾಡದಂಥ ಪರಂಪರೆ ಬೆಳೆಯಲು ಒಬ್ಬ ಗುರು ಒಂದೇ ಕಡೆ ಇಪ್ಪತ್ತು ವರ್ಷ ಕೂರಬೇಕು. ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಪರಂಪರೆ ಬೆಳೆಯುವುದಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಬಹಳಷ್ಟು ಹೆತ್ತವರಿಗೆ ಇರುವ ದಾರಿಯೇ ತಿಳಿದಿಲ್ಲ. ಮೂಲವಿಜ್ಞಾನ ಓದುವ ಪ್ರತಿಭಾವಂತರಿಗೆ ಕೇಂದ್ರ ಸರಕಾರದ 'ಇನ್‌ಸ್ಪೈರ್' ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿ ನೆರವಿದೆ. 1983ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಗಣಿತದ ಸ್ನಾತಕೋತ್ತರ ಹಾಗೂ ಸಂಶೋಧನಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ನೆಟ್ ಪರೀಕ್ಷೆಯ ಮೂಲಕ ಆಯ್ಕೆಯಾದ ಕಿರಿಯ ಸಂಶೋಧಕರ ಮಾಸಿಕ ವೇತನವನ್ನು 2023ರಲ್ಲಿ 37,000 ರೂಪಾಯಿಗೆ ಏರಿಸಲಾಯಿತು; ಇದರ ಮೇಲೆ ಮನೆಬಾಡಿಗೆ ಭತ್ಯೆಯೂ ಉಂಟು. ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಹನ್ನೆರಡನೇ ತರಗತಿಯ ನಂತರ ನೇರವಾಗಿ ಗಣಿತದ ಪದವಿಗೆ ಸೇರಬಹುದು. ಪುಣೆಯಲ್ಲಿ 2006ರಿಂದ ಐಸರ್ ಇದೆ. ಪದವಿ ಓದುವ ಮಕ್ಕಳಿಗೆ 1993ರಿಂದ ನಡೆದುಬಂದ 'ಎಂ.ಟಿ.ಟಿ.ಎಸ್.' ಬೇಸಿಗೆ ತರಬೇತಿ ಶಿಬಿರಗಳಿವೆ, ಮಾಧವ ಗಣಿತ ಸ್ಪರ್ಧೆ ಇದೆ. ಶಾಲೆಯ ಮಕ್ಕಳಿಗೆ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಉಸ್ತುವಾರಿಯಲ್ಲಿ ಗಣಿತ ಒಲಿಂಪಿಯಾಡ್ ಇದೆ. ಸಂಶೋಧನೆಯಲ್ಲಿ ಮುಂದುವರಿಯದಿದ್ದರೂ ಗಣಿತ ಓದಿದವರು ಬ್ಯಾಂಕಿಂಗ್, ವಿಮೆ, ಕಂಪ್ಯೂಟರ್ ಕ್ಷೇತ್ರಗಳಲ್ಲಿ ಕೆಲಸವಿಲ್ಲದೆ ಕುಳಿತಿರುವುದು ವಿರಳ.

ಆದ್ದರಿಂದ ಎಲ್ಲ ಮಕ್ಕಳೂ ಗಣಿತಜ್ಞರಾಗಲಿ ಎಂಬ ವಾದ ಇಲ್ಲಿಲ್ಲ. ನೂರು ಮಕ್ಕಳಲ್ಲಿ ಒಬ್ಬಳಿಗೆ 'ಉತ್ತರ ಎಷ್ಟು' ಎನ್ನುವುದಕ್ಕಿಂತ 'ಅದು ಯಾಕೆ ಹಾಗೆ' ಎಂಬ ಪ್ರಶ್ನೆ ಹೆಚ್ಚು ಕಾಡುತ್ತದೆ. ಆ ಒಬ್ಬಳನ್ನು ಕೋಚಿಂಗ್ ಕ್ಲಾಸಿನ ನೂಕುನುಗ್ಗಲಿನಲ್ಲಿ ಕಳೆದುಕೊಳ್ಳಬಾರದು ಎಂಬುದಷ್ಟೇ ಕಳಕಳಿ.

ಸಂಘಗಳು ಮಾಡಬಹುದಾದದ್ದು

ಕನ್ನಡ ಸಂಘಗಳು ವಿಶ್ವವಿದ್ಯಾಲಯಗಳನ್ನು ನಡೆಸಲಾರವು, ಹುದ್ದೆಗಳನ್ನು ತುಂಬಲಾರವು. ಆದರೆ ಅವುಗಳ ಕೈಯಲ್ಲಿರುವ ಕೆಲಸಗಳು ಸಣ್ಣವಲ್ಲ. ಮೊದಲನೆಯದು, ಪ್ರತಿಭಾ ಪುರಸ್ಕಾರದ ಅರ್ಜಿಯಲ್ಲಿ ಒಂದು ಸಾಲು ಸೇರಿಸುವುದು: ಮೂಲವಿಜ್ಞಾನ ಅಥವಾ ಗಣಿತದಲ್ಲಿ ಪದವಿ, ಸ್ನಾತಕೋತ್ತರ, ಪಿಎಚ್.ಡಿ. ಮಾಡುತ್ತಿರುವವರು. ಅಂಕಗಳ ಶೇಕಡಾವಾರು ನೋಡಿ ಶಾಲು ಕೊಡುವ ಬದಲು, ಹಿಡಿದ ದಾರಿಯನ್ನು ನೋಡಿಯೂ ಒಂದು ಶಾಲು ಕೊಡಬಹುದು. ಸಭೆಯ ಎದುರು ಆ ಹೆಸರು ಓದಿದರೆ, ಚಹಾದ ಮೇಜಿನ ಬಳಿಯ ಪ್ರಶ್ನೆ ತಾನಾಗಿಯೇ ಬದಲಾಗುತ್ತದೆ.

ಎರಡನೆಯದು, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಒಂದು ಗಂಟೆಯನ್ನು ವಿಜ್ಞಾನದ ಕನ್ನಡ ಉಪನ್ಯಾಸಕ್ಕೆ ಮೀಸಲಿಡುವುದು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಆಗ ಸಾಧ್ಯವಾದದ್ದು ಈಗ ಸಾಧ್ಯವಿಲ್ಲವೆಂದರೆ ಯಾರೂ ಒಪ್ಪಲಾರರು. ಮರಾಠಿ ಶಾಲೆ, ಇಂಗ್ಲಿಷ್ ಶಾಲೆಗಳಲ್ಲಿ ಓದುವ ನಾಗಪುರದ ಮಕ್ಕಳಿಗೆ ಕನ್ನಡವೆಂದರೆ ಅಡುಗೆಮನೆಯ ಭಾಷೆ, ಹೆಚ್ಚೆಂದರೆ ಹಾಡಿನ ಭಾಷೆ ಎಂಬ ಭಾವನೆ ಬೇರೂರುತ್ತಿದೆ. ಅದೇ ಭಾಷೆಯಲ್ಲಿ ಒಬ್ಬರು ನಿಂತು ಐದು ಬೆಲೆಗಳ ಪ್ರಮೇಯವನ್ನು ವಿವರಿಸಿದರೆ ಆ ಭಾವನೆಗೆ ಬೇರೆ ಮದ್ದು ಬೇಕಾಗುವುದಿಲ್ಲ.

ಮೂರನೆಯದು, ಒಂದು ಸಣ್ಣ ನಿಧಿ. ಒಲಿಂಪಿಯಾಡ್ ಪರೀಕ್ಷೆಗೆ, ಬೇಸಿಗೆ ಶಿಬಿರಕ್ಕೆ, ಪ್ರವೇಶ ಪರೀಕ್ಷೆಗೆ ಬೇರೆ ಊರಿಗೆ ಹೋಗುವ ಮಕ್ಕಳ ರೈಲು ಖರ್ಚು, ಪುಸ್ತಕದ ಖರ್ಚು ನೋಡಿಕೊಳ್ಳುವಷ್ಟು ಹಣ. ಒಂದು ಸಮಾರಂಭದ ಪುಷ್ಪಾಲಂಕಾರ ಮತ್ತು ಸ್ಮರಣಿಕೆಗಳ ವೆಚ್ಚದಲ್ಲಿ ಸ್ವಲ್ಪ ಉಳಿಸಿದರೂ ಇದು ಕೂಡಿಬರುತ್ತದೆ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಆ ಮಕ್ಕಳಿಗೆ ಎರಡು ದಿನ ಉಳಿಯಲು ಮನೆ ಒದಗಿಸುವ ಕೆಲಸವನ್ನಂತೂ ಅಲ್ಲಿನ ಕನ್ನಡಿಗರು ಸಂತೋಷದಿಂದ ಮಾಡಿಯಾರು. ಊಟ ವಸತಿಯ ವಿಷಯದಲ್ಲಿ ಹೊರನಾಡ ಕನ್ನಡಿಗರು ಯಾರನ್ನೂ ಬರಿಗೈಲಿ ಕಳುಹಿಸಿದವರಲ್ಲ.

ನಾಲ್ಕನೆಯದು, ದನಿ ಎತ್ತುವುದು. ಗಡಿ, ನೀರು, ಶಾಲೆಗಳ ವಿಷಯದಲ್ಲಿ ಮನವಿ ಸಲ್ಲಿಸುವ ಸಂಘಗಳು, ವಿಶ್ವವಿದ್ಯಾಲಯಗಳಲ್ಲಿ ಖಾಲಿ ಇರುವ ಬೋಧಕ ಹುದ್ದೆಗಳನ್ನು ತುಂಬಬೇಕೆಂದು ಊರಿನ ಸರಕಾರಕ್ಕೂ ಇರುವ ಊರಿನ ಸರಕಾರಕ್ಕೂ ಒಂದು ಮನವಿ ಬರೆಯಬಹುದು. ಮಕ್ಕಳಿಗೆ ಪ್ರೋತ್ಸಾಹ ಕೊಟ್ಟು, ಮುಂದೆ ಅವರು ನಿಲ್ಲಬೇಕಾದ ಮನೆಯನ್ನೇ ಬೀಳಲು ಬಿಟ್ಟರೆ ಪ್ರೋತ್ಸಾಹ ಪೊಳ್ಳಾಗುತ್ತದೆ.

ಮಹಾವೀರಾಚಾರ್ಯ ಬಾಗಿಲು ಮುಚ್ಚಿದ್ದು ತಿಳಿವಳಿಕೆಯ ಕೊರತೆಯಿಂದಲ್ಲ. ಆತ ಪ್ರಶ್ನೆಯನ್ನು ಅಂದಿನ ಮಿತಿಯವರೆಗೂ ತೆಗೆದುಕೊಂಡು ಹೋಗಿ ನಿಲ್ಲಿಸಿದ. ಅದನ್ನು ಮುಂದೆ ಒಯ್ಯುವ ಶಿಷ್ಯ ಪರಂಪರೆ ಆ ಹೊತ್ತಿಗೆ ಇಲ್ಲಿ ಕೂಡಿಬರಲಿಲ್ಲ. ಕೀರ್ತಿ ಬೇರೆಯವರ ಪಾಲಾಯಿತು. ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ ಧಾರವಾಡ ಮತ್ತು ಬೆಂಗಳೂರುಗಳಲ್ಲಿ ಅಂಥ ಪರಂಪರೆ ಮತ್ತೆ ಕಣ್ಣುಬಿಟ್ಟಿದೆ. ಅದರ ಮುಂದಿನ ಹೆಸರು ನಾಗಪುರದ ಯಾವುದೋ ಕನ್ನಡ ಮನೆಯಲ್ಲಿ, ಹೋಂವರ್ಕ್ ಮುಗಿಸಿಯೂ ಪುಸ್ತಕ ಮುಚ್ಚದೆ ಕುಳಿತಿರಬಹುದು. ಮುಂದಿನ ಜೂನ್‌ನಲ್ಲಿ ಪುರಸ್ಕಾರದ ಪಟ್ಟಿ ತಯಾರಿಸುವವರು ಆ ಮನೆಯ ಬಾಗಿಲನ್ನೂ ಒಮ್ಮೆ ತಟ್ಟಲಿ. "ಎಷ್ಟು ಪರ್ಸೆಂಟ್ ಬಂತವ್ವಾ?" ಎಂದು ಕೇಳುವ ಮೊದಲು, "ಏನು ಓದಾಕತ್ತೀ?" ಎಂದು ಕೇಳಲಿ. ಉತ್ತರವನ್ನು ಕುಳಿತು ಪೂರ್ತಿ ಕೇಳಲಿ.